ಓಡೂದು ಆಮ್ಯಾಲ, ಮೊದ್ಲ ನಿಲ್ಲೂದು

ಅಡರಕಟ್ಟಿಯ ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿ ಎತ್ತುಗಳಿಲ್ಲದೆ ಬಹಳ ದಿನವಾಯಿತು. ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಒಂದು ಹಳೆಯ ಮಹೀಂದ್ರಾ ಎಂಎಂ 540 ಜೀಪಿದೆ. ಬಹಳ ದಿನ ಅದರ ಬಾಡಿ ಒಂದು ಕಡೆ, ಚಾಸಿಸ್ ಒಂದು ಕಡೆ ಇತ್ತು. ಗ್ವಾದಲಿಯ ಉದ್ದಕ್ಕೂ ಹಳೆಯ ಪತ್ರಿಕೆ ಹಾಸಿ, ಬಿಚ್ಚಿದ ಸಾಮಾನುಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿದ್ದೆ. ಒಂದೊಂದರ ಕೆಳಗೂ ಮಗಳ ಅಕ್ಷರದಲ್ಲಿ ಬರೆದ ಚೀಟಿ.

ಎಂಟು ತಿಂಗಳು ಒದ್ದಾಡಿದ ಮೇಲೆ ಒಂದು ಸಂಜೆ ಅದರ ಇಂಜಿನ್ ಚಾಲೂ ಆಯಿತು. ಬರೀ ಚಾಸಿಸ್ ಮೇಲೆ ಕೂತ ಇಂಜಿನ್, ಪಕ್ಕದಲ್ಲಿ ಪ್ಲಾಸ್ಟಿಕ್ ಕ್ಯಾನಿನಿಂದ ಡೀಸೆಲ್ ಪೈಪು, ನೆಲದ ಮೇಲೆ ಟ್ರ್ಯಾಕ್ಟರಿನ ಬ್ಯಾಟರಿ. ಮೊದಲು ಬಿಳಿ ಹೊಗೆ, ಆಮೇಲೆ ಒಂದು ಕೆಮ್ಮು, ಆಮೇಲೆ ಓಣಿಗೆಲ್ಲ ಕೇಳುವಂಥ ಸದ್ದು. ಹುಡುಗರು ಕುಣಿದರು, ತಾಯಿ ಕಾಯಿ ಒಡೆಸಿದಳು. ಸದ್ದು ಕೇಳಿ ಬಂದವರಲ್ಲಿ ಲಕ್ಷ್ಮೇಶ್ವರದಲ್ಲಿ ನಲವತ್ತು ವರ್ಷ ಟ್ರ್ಯಾಕ್ಟರು, ಜೀಪು ರಿಪೇರಿ ಮಾಡಿದ ಹಿರಿಯ ಮಿಸ್ತ್ರಿಯೊಬ್ಬರೂ ಇದ್ದರು. ಇಂಜಿನ್ ಕಡೆ ಅವರು ನೋಡಲೇ ಇಲ್ಲ. ಬಗ್ಗಿ ನಾಲ್ಕೂ ಗಾಲಿಗಳ ಒಳಬದಿ ನೋಡಿ ಎದ್ದು ನಿಂತರು.

‘ಬ್ರೇಕ್ ಎಲ್ಲ್ಯದಾವ್ರಿ ಮಾಸ್ತರ?’

‘ಅದು ಕಡೀಕ ಮಾಡೂದ್ರಿ ಕಾಕಾ, ಮೊದ್ಲ ಓಡ್ಲಿ ಅಂತ...’

‘ಓಡೂದು ಆಮ್ಯಾಲ್ರಿ. ಮೊದ್ಲ ನಿಲ್ಲೂದು ಕಲಸ್ರಿ ಇದಕ್ಕ.’

ಮನೆಯಲ್ಲಿ ಗಾಡಿ ಕಟ್ಟಲು ಕೈಹಾಕಿದ ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಇನ್ನೂ ಓದಿಲ್ಲ. ಬೆಂಗಳೂರಿನ ಹುಡುಗರು ಇಂಥ ಕೆಲಸಕ್ಕೆ ‘ಪ್ರಾಜೆಕ್ಟ್ ಕಾರ್’ ಎನ್ನುತ್ತಾರೆ. ಹಳೆಯದೊಂದು ಗಾಡಿಯನ್ನು ತಂದು, ಮೊಳೆ ಮೊಳೆಯೂ ಬಿಚ್ಚಿ, ತಮ್ಮ ಕೈಯಾರೆ ಮತ್ತೆ ಕಟ್ಟುವುದು. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ತೋಟದ ಜೀಪುಗಳನ್ನು ಹೀಗೆ ಕಟ್ಟುವ ರೂಢಿ ಹಳೆಯದು. ನಮ್ಮ ಗದಗ ಸೀಮೆಯಲ್ಲಿ ಆ ಹೆಸರಿಲ್ಲ, ಆದರೆ ಆ ಕೆಲಸಕ್ಕೆ ಬೇಕಾದ ಕೈಗಳೆಲ್ಲ ಇವೆ. ಟ್ರ್ಯಾಕ್ಟರಿನ ಮಿಸ್ತ್ರಿ, ಟ್ರೇಲರ್ ಕಟ್ಟುವ ವೆಲ್ಡಿಂಗ್‌ನವರು, ಬೋರ್‌ವೆಲ್ ಮೋಟರು ಸುತ್ತುವವರು, ಲೇತಿನವರು, ಕಮ್ಮಾರರು. ಹೆಚ್ಚು ಕಡಿಮೆ ಒಂದು ಮೋಟರು ಕಾರ್ಖಾನೆಗೆ ಬೇಕಾದ ವಿದ್ಯೆಯೆಲ್ಲ ಒಂದು ತಾಲ್ಲೂಕಿನ ಬಜಾರಿನಲ್ಲಿ ಹರಡಿಕೊಂಡಿದೆ.

ಜೀಪನ್ನೇ ಆರಿಸಿದ್ದಕ್ಕೆ ಕಾರಣವಿದೆ. ಈಗಿನ ಬಹುತೇಕ ಕಾರುಗಳಿಗೆ ಬೇರೆ ಚಾಸಿಸ್ ಇರುವುದಿಲ್ಲ. ತಗಡಿನ ಪೆಟ್ಟಿಗೆಯೇ ಅದರ ಎಲುಬು, ಅದೇ ಅದರ ಚರ್ಮ. ಅದನ್ನು ಕತ್ತರಿಸಿದರೆ ಬಲವೇ ಹೋಗುತ್ತದೆ. ಹಳೆಯ ಜೀಪು ಹಾಗಲ್ಲ. ಏಣಿಯಂಥ ಉಕ್ಕಿನ ಚಾಸಿಸ್, ಅದರ ಕೆಳಗೆ ಕಮಾನ್ ಪಟ್ಟಿಗಳ ಮೇಲೆ ಎರಡು ಗಟ್ಟಿ ಆಕ್ಸಲ್, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ. ಬೋಲ್ಟ್ ಬಿಚ್ಚಿ ನಾಲ್ಕಾರು ಜನ ಕೈಹಚ್ಚಿದರೆ ಬಾಡಿ ಮೇಲೆದ್ದು ಬರುತ್ತದೆ. ಒಳಗಿನದೆಲ್ಲ ಕಣ್ಣಿಗೆ ಕಾಣುತ್ತದೆ. ಚಕ್ಕಡಿ ಗೊತ್ತಿದ್ದವನಿಗೆ ಜೀಪು ಅರ್ಥವಾಗುತ್ತದೆ.

ಕೊಳ್ಳುವ ದಿನ ನಾನು ಇಂಜಿನ್ ನೋಡಲಿಲ್ಲ, ಟೈರ್ ನೋಡಲಿಲ್ಲ. ಮೊದಲು ಕೇಳಿದ್ದು ಆರ್‌ಸಿ. ಅದರಲ್ಲಿದ್ದ ಚಾಸಿಸ್ ನಂಬರನ್ನು ಉಕ್ಕಿನ ಮೇಲೆ ಕುಟ್ಟಿದ ನಂಬರಿನೊಂದಿಗೆ, ಎಣ್ಣೆ ಹಚ್ಚಿ ಉಜ್ಜಿ, ಅಂಕಿ ಅಂಕಿಯಾಗಿ ತಾಳೆ ನೋಡಿದೆ. ಕಾಗದವಿಲ್ಲದ ಜೀಪು ಅರ್ಧ ಬೆಲೆಗೆ ಸಿಗುತ್ತಿತ್ತು. ಆದರೆ ಎಷ್ಟೇ ಚೆಂದ ಕಟ್ಟಿದರೂ ಅದು ಕೊಟ್ಟಿಗೆಯಿಂದ ರಸ್ತೆಗೆ ಇಳಿಯುವ ಹಾಗಿರಲಿಲ್ಲ. ಹೊಸದಾಗಿ ಈ ಹವ್ಯಾಸಕ್ಕೆ ಬರುವ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಗುಜರಿಯಲ್ಲಿ ಸಿಕ್ಕ ಚಾಸಿಸ್ ತಂದು, ಎರಡು ವರ್ಷ ದುಡಿದು, ಕಡೆಗೆ ಅದನ್ನು ಅದೇ ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕುತ್ತಾರೆ.

ಬಿಚ್ಚಿದ ಮೇಲಿನ ಮೊದಲ ಕೆಲಸ, ಚಾಸಿಸ್ ನೆಟ್ಟಗಿದೆಯೇ ಎಂದು ನೋಡುವುದು. ಇದಕ್ಕೆ ಊರಿನ ಗೌಂಡಿಯನ್ನು ಕರೆದೆ. ಮನೆಗೆ ಪಾಯ ಹಾಕುವಾಗ ಮೂಲೆ ಕೂಡಿಸಲು ಅವರು ಮಾಡುವುದೂ ಇದನ್ನೇ: ಎದುರುಬದುರಿನ ಮೂಲೆಗಳಿಗೆ ದಾರ ಹಿಡಿದು ಎರಡೂ ಕರ್ಣಗಳ ಉದ್ದ ಸರಿಸಮ ಇದೆಯೇ ಎಂದು ಅಳೆಯುವುದು. ನಾಲ್ಕು ಕಡೆ ತೂಗುಗುಂಡು ಬಿಟ್ಟು, ನೆಲದ ಮೇಲೆ ಸುಣ್ಣದ ಚುಕ್ಕೆ ಇಟ್ಟು, ಚಾಸಿಸ್ಸಿನ ಆಕಾರವನ್ನೇ ಕೊಟ್ಟಿಗೆಯ ನೆಲಕ್ಕೆ ಇಳಿಸಿದರು. ಒಂದು ಕರ್ಣ ಇನ್ನೊಂದಕ್ಕಿಂತ ಒಂಬತ್ತು ಮಿಲಿಮೀಟರು ಹೆಚ್ಚಿತ್ತು. ಎಂದೋ ಯಾವುದೋ ಗುಂಡಿಯಲ್ಲಿ ಮುಂದಿನ ಮೂಲೆ ಹೊಡೆಸಿಕೊಂಡಿದ್ದ ಗಾಡಿ. ಅದನ್ನು ಒತ್ತಿ ನೆಟ್ಟಗೆ ಮಾಡಲು ಹುಬ್ಬಳ್ಳಿಗೆ ಒಯ್ಯಬೇಕಾಯಿತು. ತಾವೇ ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುತ್ತೇವೆ ಎಂದು ಒಬ್ಬರು ಮುಂದೆ ಬಂದರು. ನಾನು ಒಪ್ಪಲಿಲ್ಲ. ಕೆಂಪಗೆ ಕಾದ ಉಕ್ಕು ಆರುವಾಗ ಅದರ ಒಳಗಿನ ಕಟ್ಟು ಬದಲಾಗುತ್ತದೆ. ವೆಲ್ಡಿಂಗ್ ಮಾಡಿದ ಗೆರೆಯ ಪಕ್ಕದಲ್ಲೇ ಚಾಸಿಸ್ ಬಿರುಕು ಬಿಡುವುದು ಇದೇ ಕಾರಣಕ್ಕೆ. ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ, ಅದರ ಪಕ್ಕದ ಉಕ್ಕು ಸೋಲುತ್ತದೆ.

ಈ ಎರಡು ವರ್ಷಗಳಲ್ಲಿ ನನಗೆ ಅತಿ ಸಂತೋಷ ಕೊಟ್ಟ ದಿನ ಯಾವುದೆಂದು ಕೇಳಿದರೆ, ಇಂಜಿನ್ ಶುರುವಾದ ದಿನ ಅಲ್ಲ, ರಿಂಗ್ ಗೇರು ಹಾಕಿದ ದಿನ.

ಇಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಎಂಬ ಭಾರವಾದ ಚಕ್ರವಿರುತ್ತದೆ. ಅದರ ಅಂಚಿಗೆ ಬಳೆಯಂತೆ ತೊಡಿಸಿದ ಹಲ್ಲಿನ ಚಕ್ರವೇ ರಿಂಗ್ ಗೇರು. ಸೆಲ್ಫ್ ಹೊಡೆದಾಗ ಸ್ಟಾರ್ಟರಿನ ಸಣ್ಣ ಗೇರು ಬಂದು ಕಚ್ಚುವುದು ಈ ಹಲ್ಲಿಗೆ. ನಮ್ಮದರ ಹಲ್ಲು ಸವೆದುಹೋಗಿತ್ತು. ಹೊಸ ರಿಂಗ್ ತಂದರೆ ಅದರ ಒಳ ಅಳತೆ ಫ್ಲೈವೀಲಿಗಿಂತ ಕೂದಲೆಳೆಯಷ್ಟು ಸಣ್ಣದು. ಬೋಲ್ಟಿಲ್ಲ, ಕೀಲಿಲ್ಲ. ಇದನ್ನು ತೊಡಿಸುವುದು ಹೇಗೆಂದು ನಾನು ಪುಸ್ತಕ ತಿರುವುತ್ತಿದ್ದಾಗ, ಪಕ್ಕದಲ್ಲಿ ಕೂತು ನೋಡುತ್ತಿದ್ದ ಹಳೆಯ ಕಾಲದ ಬಡಿಗರೊಬ್ಬರು ಹೇಳಿದರು: ‘ಗಾಲಿಗೆ ಹಳಿ ಕಟ್ಟಿಧಂಗ ಕಟ್ರಿ.’

ಅಷ್ಟೇ. ಚಕ್ಕಡಿಯ ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಕಟ್ಟುವುದನ್ನು ಬಾಲ್ಯದಲ್ಲಿ ಎಷ್ಟು ಸಲ ನೋಡಿದ್ದೆನೋ. ಬೆರಣಿಯ ಬೆಂಕಿಯಲ್ಲಿ ಹಳಿಯನ್ನು ಸುತ್ತಲೂ ಕಾಯಿಸಿ, ಇಕ್ಕಳದಲ್ಲಿ ಮೂವರು ಹಿಡಿದು ಗಾಲಿಯ ಮೇಲಿಟ್ಟು, ನೀರು ಸುರಿದರೆ ಚುರ್ ಎಂದು ಕುಗ್ಗಿ ಕಟ್ಟಿಗೆಯನ್ನು ಬಿಗಿದಪ್ಪುತ್ತಿತ್ತು. ಉಕ್ಕು ಪ್ರತಿ ಡಿಗ್ರಿ ಶಾಖಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 300 ಮಿಲಿಮೀಟರ್ ಅಡ್ಡಳತೆಯ ಬಳೆಯನ್ನು 200 ಡಿಗ್ರಿ ಹೆಚ್ಚಿಗೆ ಕಾಯಿಸಿದರೆ ಅದು ಸುಮಾರು 0.7 ಮಿಲಿಮೀಟರ್ ಅಗಲವಾಗುತ್ತದೆ. ಅಷ್ಟು ಸಾಕು. ರಿಂಗ್ ಗೇರನ್ನು ಬೆಂಕಿಯಲ್ಲಿ ಹದವಾಗಿ ಕಾಯಿಸಿ, ಕೆಂಪಾಗಲು ಬಿಡದೆ, ಫ್ಲೈವೀಲಿನ ಮೇಲಿಟ್ಟೆವು. ತಟ್ಟದೆಯೇ ಕೂತಿತು. ಇಲ್ಲಿ ಒಂದೇ ವ್ಯತ್ಯಾಸ: ನೀರು ಹಾಕುವಂತಿಲ್ಲ, ತಾನಾಗಿಯೇ ಆರಬೇಕು. ಹಲ್ಲಿನ ಉಕ್ಕು ಥಟ್ಟನೆ ತಣಿದರೆ ಬಿರುಕು ಬಿಡಬಹುದು. ಚಕ್ಕಡಿ ಹೋದ ಮೇಲೆ ಕೆಲಸವಿಲ್ಲದೆ ಕೂತಿದ್ದ ಆ ಬಡಿಗರು ಸಂಜೆಯವರೆಗೂ ಅದರ ಪಕ್ಕದಿಂದ ಏಳಲಿಲ್ಲ.

ಇಂಜಿನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಹವ್ಯಾಸಿಗಳು ಬರೆಯುವುದೆಲ್ಲ ಅದರ ಬಗ್ಗೆಯೇ. ಇದರಲ್ಲಿರುವುದು ಫ್ರಾನ್ಸಿನ ಪ್ಯೂಜೋ ಕಂಪನಿಯ ಲೈಸೆನ್ಸಿನಲ್ಲಿ ಇಲ್ಲಿ ತಯಾರಾದ ಎಕ್ಸ್‌ಡಿಪಿ 4.90 ಡೀಸೆಲ್ ಇಂಜಿನ್. ಹೆಸರೇ ಅದರ ಲೆಕ್ಕ ಹೇಳುತ್ತದೆ: 4 ಸಿಲಿಂಡರ್, 90 ಮಿಲಿಮೀಟರ್ ಬೋರ್. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 83 ಮಿಲಿಮೀಟರ್. ಏಳನೆಯ ಇಯತ್ತೆಯ ಹುಡುಗರಿಗೆ ಸಿಲಿಂಡರಿನ ಘನಫಲದ ಲೆಕ್ಕ ಮಾಡಿಸಲು ನಾನು ಈಗ ಇದನ್ನೇ ಕೊಡುತ್ತೇನೆ. ಒಂದಕ್ಕೆ 528, ನಾಲ್ಕಕ್ಕೆ 2,112 ಸಿಸಿ. ಬೋರ್ ಸವೆದಿತ್ತು, ಗದಗಿನಲ್ಲಿ ಬೋರಿಂಗ್ ಮಾಡಿಸಿದೆ. ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ ಒಂದು ಸೈಜ್ ದಪ್ಪ ಬೇರಿಂಗ್ ಹಾಕಿದೆ. ಇಂಥ ಕೆಲಸಗಳನ್ನು ಮನೆಯಲ್ಲಿ ಮಾಡಬಾರದು, ಮಾಡಲೂ ಆಗದು. ಕೂದಲಿನ ದಪ್ಪಕ್ಕಿಂತ ಕಡಿಮೆ ಅಳತೆಯ ಆಟ ಅದು. ಮನೆಯಲ್ಲಿ ಮಾಡಬೇಕಾದದ್ದು ತೊಳೆಯುವುದು, ಅಳೆಯುವುದು, ಬರೆದಿಡುವುದು, ಹೇಳಿದಷ್ಟೇ ಬಿಗಿಯಾಗಿ ಬೋಲ್ಟ್ ಬಿಗಿಯುವುದು. ಕೈ ಅಳತೆಯಲ್ಲಿ ಬಿಗಿದ ಹೆಡ್ ಬೋಲ್ಟ್‌ಗಳಿಗೂ ಟಾರ್ಕ್ ಪಾನಾದಲ್ಲಿ ಬಿಗಿದ ಹೆಡ್ ಬೋಲ್ಟ್‌ಗಳಿಗೂ ಇರುವ ಅಂತರ ಮೊದಲ ಬೇಸಿಗೆಯಲ್ಲಿ ತಿಳಿಯುತ್ತದೆ.

ಈಗ ಬ್ರೇಕಿನ ವಿಷಯ.

ಮಿಸ್ತ್ರಿ ಕಾಕಾ ಹೋದ ಮೇಲೆ ಆ ರಾತ್ರಿ ಕೂತು ಒಂದು ಲೆಕ್ಕ ಮಾಡಿದೆ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಜೀಪು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು 2 ಲಕ್ಷ ಜೂಲ್. ಅದೇ ಜೀಪನ್ನು ನೆಲದಿಂದ 14 ಮೀಟರ್ ಮೇಲಕ್ಕೆ, ಅಂದರೆ ನಾಲ್ಕು ಅಂತಸ್ತಿನ ಮನೆಯ ಎತ್ತರಕ್ಕೆ ಎತ್ತಿ ಹಿಡಿಯುವಷ್ಟು ಶಕ್ತಿ. ಎದುರಿಗೆ ಎಮ್ಮೆ ಬಂದಿತೆಂದು ಬ್ರೇಕ್ ಒತ್ತಿದ ಮೂರು ನಾಲ್ಕು ಸೆಕೆಂಡಿನಲ್ಲಿ ಆ ಶಕ್ತಿಯಲ್ಲಿ ಬಹುಪಾಲು ಶಾಖವಾಗಿ ನಾಲ್ಕು ಗಾಲಿಗಳ ಬ್ರೇಕ್ ಡ್ರಮ್ಮುಗಳಿಗೆ ಇಳಿಯಬೇಕು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಇಂಜಿನ್ ಹೆಚ್ಚು ಶಕ್ತಿಯದು ಹಾಕಿದೆ ಎಂದು ಹೆಮ್ಮೆಪಡುವವರು, ಹಳೆಯ ಡ್ರಮ್ಮಿನ ಮೇಲೆ ತಾವು ಹೊರಿಸಿದ್ದು ಎಷ್ಟು ಎಂದು ಈ ಲೆಕ್ಕ ಮಾಡಿ ನೋಡಬೇಕು.

ಬ್ರೇಕಿನ ಯಂತ್ರ ಮಾತ್ರ ಸರಳವಾದದ್ದು, ಸುಂದರವಾದದ್ದು. ಪೆಡಲ್ ಒಂದು ಸನ್ನೆಗೋಲು. ಕಾಲು 20 ಕಿಲೋ ಒತ್ತಿದರೆ, ಐದಕ್ಕೊಂದು ಅಳತೆಯ ಪೆಡಲಿನಲ್ಲಿ, ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 100 ಕಿಲೋ ಬೀಳುತ್ತದೆ. ಒಳಗೆ ತುಂಬಿದ ದ್ರವ ಆ ಒತ್ತಡವನ್ನು ಎಲ್ಲ ದಿಕ್ಕಿಗೂ ಸಮವಾಗಿ ಹಂಚುತ್ತದೆ. ಹದಿನೇಳನೆಯ ಶತಮಾನದಲ್ಲಿ ಪಾಸ್ಕಲ್ ಹೇಳಿದ ನಿಯಮ ಅದು. ಗಾಲಿಯ ಸಿಲಿಂಡರಿನ ಪಿಸ್ಟನ್ನೂ ಅಷ್ಟೇ ಅಗಲವಿದ್ದರೆ ಪ್ರತಿ ಬ್ರೇಕ್ ಶೂಗೆ 100 ಕಿಲೋ. ಗಾಲಿಗೆ ಎರಡರಂತೆ ಎಂಟು ಶೂ ಸೇರಿ 800 ಕಿಲೋ. ಕಾಲಿನ 20 ಕಿಲೋ ಇಷ್ಟಾಯಿತು. ಆದರೆ ಇದೆಲ್ಲ ನಡೆಯುವುದು ದ್ರವ ಕುಗ್ಗುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ. ಪೈಪಿನಲ್ಲಿ ಒಂದು ಗುಳ್ಳೆ ಗಾಳಿ ಉಳಿದಿದ್ದರೂ ಪೆಡಲ್ ಮೆತ್ತಗಾಗುತ್ತದೆ. ಕಾಲಿನ ಒತ್ತಡ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ.

ಆದ್ದರಿಂದ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಶುರು. ನಾನು ಕೆಳಗೆ ಮಲಗಿ ಗಾಳಿ ಬಿಡುವ ನಿಪ್ಪಲ್ಲಿಗೆ ಪಾನಾ ಹಾಕಿ ‘ಹೊಡಿ’ ಅಂದರೆ ಮಗಳು ಮೇಲೆ ಕೂತು ಪೆಡಲ್ ಹೊಡೆಯುತ್ತಿದ್ದಳು. ‘ಹಿಡಿ’ ಅಂದರೆ ‘ಹಿಡದೀನಪ್ಪಾ’ ಎಂದು ಕೂಗುತ್ತಿದ್ದಳು. ನಿಪ್ಪಲ್ ಸಡಿಲಿಸಿದರೆ ಬಾಟಲಿಯಲ್ಲಿ ಗುಳ್ಳೆಗಳು. ಆ ಒಂದು ಮಾತು, ಹೊಡಿ, ಹಿಡಿ, ಹಿಡದೀನಪ್ಪಾ, ಎರಡು ಭಾನುವಾರ ನಮ್ಮ ಓಣಿಯಲ್ಲಿ ನಡೆಯಿತು.

ಬ್ರೇಕ್ ಆಯಿಲ್ ಎಂದು ಕರೆಯುವ ಈ ದ್ರವ ಎಣ್ಣೆಯಲ್ಲ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ 205 ಡಿಗ್ರಿಗಿಂತ ಕೆಳಗೆ ಕುದಿಯುವಂತಿಲ್ಲ ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿ ಎಂದರೆ ಮತ್ತೆ ಗುಳ್ಳೆ. ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದವರಿಗೆ ಕೊನೆಯ ತಿರುವಿನಲ್ಲಿ ಪೆಡಲ್ ನೆಲಕ್ಕೆ ಹೋಗುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಖರ್ಚು ಒಂದು ಊಟದ ಖರ್ಚು. ಇನ್ನೊಂದು ವಿಷಯ: ಹಳೆಯ ಜೀಪುಗಳ ಪೈಕಿ ಹಲವಕ್ಕೆ ಒಂದೇ ಸಾಲಿನ ಮಾಸ್ಟರ್ ಸಿಲಿಂಡರ್ ಇರುತ್ತದೆ. ಯಾವುದೇ ಒಂದು ಗಾಲಿಯಲ್ಲಿ ಸೋರಿದರೂ ನಾಲ್ಕೂ ಹೋದವು. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಸಾಲಿರುವ ಜೋಡಿ ಸಿಲಿಂಡರಿದ್ದರೆ ಅರ್ಧವಾದರೂ ಉಳಿಯುತ್ತದೆ. ಗಾಡಿ ಕಟ್ಟುವವರು ಹಾರ್ನ್, ದೀಪ, ಸೀಟಿನ ಬಟ್ಟೆಗೆ ಹಣ ಹಾಕುವ ಮೊದಲು ಇದಕ್ಕೆ ಹಾಕಬೇಕು.

ಸ್ಟೇರಿಂಗ್ ಕೂಡ ಇಷ್ಟೇ ಮುಖ್ಯ. ಎರಡೇ ಗಾಲಿಯ ಚಕ್ಕಡಿಗೆ ಈ ಚಿಂತೆ ಇರಲಿಲ್ಲ. ಎತ್ತು ತಿರುಗಿದ ಕಡೆ ಅದು ತಿರುಗುತ್ತಿತ್ತು. ನಾಲ್ಕು ಗಾಲಿ ಬಂದಾಗ ತಿರುವಿನ ಒಳಗಿನ ಗಾಲಿ ಸಣ್ಣ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಹೋಗಬೇಕು. ನಮ್ಮ ಜೀಪಿನ ಎರಡು ಆಕ್ಸಲ್‌ಗಳ ನಡುವಿನ ಅಂತರ ಸುಮಾರು 2.3 ಮೀಟರ್. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಳಗಿನ ಗಾಲಿ ಸುಮಾರು 28 ಡಿಗ್ರಿ, ಹೊರಗಿನದು 22 ಡಿಗ್ರಿ ಹೊರಳಬೇಕು. ಎರಡೂ ಒಂದೇ ಕೋನದಲ್ಲಿ ಹೊರಳಿದರೆ ಒಂದು ಟೈರು ಉಜ್ಜಿಕೊಂಡೇ ಹೋಗುತ್ತದೆ. ಜರ್ಮನಿಯ ಸಾರೋಟು ತಯಾರಕ ಲಾಂಕೆನ್‌ಸ್ಪೆರ್ಗರ್ ಇದಕ್ಕೆ ಉಪಾಯ ಕಂಡುಹಿಡಿದ, 1818ರಲ್ಲಿ ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದ ಆಕರ್‌ಮನ್‌ನ ಹೆಸರು ಅದಕ್ಕೆ ಉಳಿಯಿತು. ಮುಂದಿನ ಗಾಲಿಗಳ ತೋಳುಗಳನ್ನು ನೆಟ್ಟಗೆ ಇಡದೆ ಸ್ವಲ್ಪ ಒಳಕ್ಕೆ ವಾಲಿಸುವುದೇ ಆ ಉಪಾಯ. ಗುಜರಿಯ ಬೇರೆ ಬೇರೆ ಗಾಡಿಗಳ ತುಂಡುಗಳಿಂದ ಮುಂಭಾಗ ಜೋಡಿಸುವವರು ಈ ಕೋನವನ್ನು ಮರೆಯುತ್ತಾರೆ. ಹಾಗೆಯೇ, ಗಾಡಿ ಎತ್ತರ ಕಾಣಲೆಂದು, ಕಮಾನ್ ಪಟ್ಟಿಯನ್ನು ಚಾಸಿಸ್ಸಿಗೆ ಕೂಡಿಸುವ ಶ್ಯಾಕಲ್ ಎಂಬ ಕೊಂಡಿಯನ್ನು ಉದ್ದನೆಯದು ಹಾಕಿದರೆ ಮುಂದಿನ ಆಕ್ಸಲಿನ ವಾಲು ಬದಲಾಗಿ, 50ರ ವೇಗದಲ್ಲಿ ಸ್ಟೇರಿಂಗ್ ಕೈಯಲ್ಲಿ ನಡುಗಲು ಶುರುವಾಗಬಹುದು. ಅದರ ಮೇಲೆ, ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವುದು ಸಲೀಸು.

ಒಂದು ರಾತ್ರಿಯ ಮಾತು ಹೇಳಲೇಬೇಕು. ಗೇರ್ ಬಾಕ್ಸ್ ಇಳಿಸಲು ಜೀಪಿನ ಕೆಳಗೆ ಮಲಗಿದ್ದೆ. ಜಾಕಿನ ಸೀಲು ಹೋಗಿ ಅದು ಸದ್ದಿಲ್ಲದೆ ಕೂತಿತು. ಚಾಸಿಸ್ ನನ್ನ ಎದೆಯಿಂದ ಒಂದು ಗೇಣು ಮೇಲೆ ಬಂದು ನಿಂತಿತು, ಏಕೆಂದರೆ ಬಿಚ್ಚಿದ ಗಾಲಿಯನ್ನು ಚಾಸಿಸ್ ಕೆಳಗೆ ಉರುಳಿಸಿ ಇಡು ಎಂದು ಕಾಕಾ ಮೊದಲ ದಿನವೇ ಹೇಳಿದ್ದರು. ಇಟ್ಟಿಗೆ ಬೇಡ, ಅದು ಪುಡಿಯಾಗುತ್ತದೆ. ಕಲ್ಲು ಬೇಡ, ಅದು ಜಾರುತ್ತದೆ. ಉಕ್ಕಿನ ಸ್ಟ್ಯಾಂಡ್, ಅದರ ಜೊತೆಗೆ ಒಂದು ಗಾಲಿ. ಇದನ್ನು ಓದಿ ಒಬ್ಬನೇ ಒಬ್ಬ ಹುಡುಗ ಹಾಗೆ ಮಾಡಿದರೂ ನಾನು ಬರೆದದ್ದು ಸಾರ್ಥಕ.

ಇದುವರೆಗೆ ಹೇಳಿದ್ದು ಇದ್ದ ಗಾಡಿಯನ್ನು ಮತ್ತೆ ಕಟ್ಟುವ ಮಾತು. ಗಾಡಿಯನ್ನೇ ಹೊಸದಾಗಿ ಹುಟ್ಟಿಸಿದವರೂ ನಮ್ಮ ಸುತ್ತಮುತ್ತ ಆಗಿಹೋಗಿದ್ದಾರೆ. ನಿಪ್ಪಾಣಿಯಿಂದ ಆಚೆ, ಗಡಿ ದಾಟಿದರೆ ಸಿಗುವ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬುವರು 1949ರಲ್ಲೇ ಪುಟ್ಟ ಕಾರೊಂದನ್ನು ಕಟ್ಟಿದರು. ಹೆಸರು ‘ಮೀರಾ’. 1970ರ ದಶಕದವರೆಗೂ ಒಂದರ ಹಿಂದೊಂದು ಮಾದರಿ ತಿದ್ದುತ್ತಲೇ ಹೋದರು. ಸುಮಾರು 12,000 ರೂಪಾಯಿಗೆ ಸಾಮಾನ್ಯರಿಗೊಂದು ಕಾರು ಕೊಡಬೇಕೆಂಬುದು ಅವರ ಆಸೆ. ಅದು ಕಾರ್ಖಾನೆಯ ಮುಖ ಕಾಣಲಿಲ್ಲ. ಕೋಲಾರ ಮೂಲದ ಸೈಯದ್ ಸಜ್ಜನ್ ಅಹ್ಮದ್ ತಮ್ಮ ಕೈಯಾರೆ ಕಟ್ಟಿದ ಸೌರಶಕ್ತಿಯ ಕಾರನ್ನು, ಅರವತ್ತು ದಾಟಿದ ವಯಸ್ಸಿನಲ್ಲಿ, 2015ರಲ್ಲಿ ಬೆಂಗಳೂರಿನಿಂದ ದೆಹಲಿಯ ಐಐಟಿಯ ವಿಜ್ಞಾನ ಮೇಳದವರೆಗೆ ಸುಮಾರು 3,000 ಕಿಲೋಮೀಟರ್ ಓಡಿಸಿಕೊಂಡು ಹೋದರು. ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ಕಮ್ಮಾರರೊಬ್ಬರು ಮಗನ ಆಸೆಗೆ ಗುಜರಿ ಸಾಮಾನಿನಿಂದ, ಸುಮಾರು 60,000 ರೂಪಾಯಿಯಲ್ಲಿ, ಕಿಕ್ ಹೊಡೆದು ಚಾಲೂ ಮಾಡುವ ಪುಟ್ಟ ಜೀಪು ಕಟ್ಟಿದ್ದು 2021ರ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಆನಂದ್ ಮಹೀಂದ್ರಾ ಅದನ್ನು ಮೆಚ್ಚಿ, ನಿಯಮಕ್ಕೆ ಹೊಂದದ ಈ ಗಾಡಿಯನ್ನು ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ ಎಂದು ಹೇಳಿ, ಅದರ ಬದಲಿಗೆ ಹೊಸ ಬೊಲೆರೊ ಕೊಟ್ಟರು.

ಅವರ ಆ ಮಾತು ನಿಜ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಇದಕ್ಕೆ 6 ತಿಂಗಳವರೆಗೆ ಸಜೆ, ಇಲ್ಲವೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ಇಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಬಣ್ಣ ಬದಲಾದರೂ ದಾಖಲಿಸಬೇಕು. ಅನುಮೋದಿತ ಸಿಎನ್‌ಜಿ, ವಿದ್ಯುತ್ ಕಿಟ್ ಹಾಕಿಸಲು, ಅಂಗವಿಕಲರು ತಮಗೆ ತಕ್ಕಂತೆ ಗಾಡಿಯನ್ನು ಹೊಂದಿಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗಳಿಗೆ 2021ರಿಂದ ‘ವಿಎ’ ಅಕ್ಷರಗಳ ಬೇರೆ ನಂಬರೇ ಸಿಗುತ್ತದೆ. ಆದರೆ ಹೊಸ ಗಾಡಿಯೊಂದು ರಸ್ತೆಗಿಳಿಯಬೇಕಾದರೆ ಅದರ ಮಾದರಿ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಲ್ಲಿ ತೇರ್ಗಡೆಯಾಗಬೇಕು. ಸಾವಿರಾರು ಕಾರು ಮಾರುವ ಕಂಪನಿಗೆ ಹೊಲಿದ ಅಂಗಿ ಅದು. ತನಗಾಗಿ ಒಂದೇ ಒಂದು ಗಾಡಿ ಕಟ್ಟಿದ ಕಮ್ಮಾರನಿಗೆ ಅದರಲ್ಲಿ ದಾರಿಯಿಲ್ಲ.

ರಸ್ತೆಗಿಳಿಯಬೇಕಿಲ್ಲದ ಸಾಧನಕ್ಕೆ ಈ ತೊಡಕಿಲ್ಲ. ನಮ್ಮ ಪಕ್ಕದ ಅಣ್ಣಿಗೇರಿಯನ್ನು ನೋಡಿ. ಅಲ್ಲಿನ ಅಬ್ದುಲ್ ಖಾದರ್ ನಡಕಟ್ಟಿನ ಬಿತ್ತುವ ಕೂರಿಗೆ, ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರ ಹೀಗೆ ಒಂದರ ಮೇಲೊಂದು ಸಾಧನ ಮಾಡಿ ರೈತರ ಹೊಲ ಮುಟ್ಟಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಕುಲಕರ್ಣಿಯವರಿಗೂ ನಡಕಟ್ಟಿನ ಅವರಿಗೂ ಇದ್ದದ್ದು ಒಂದೇ ಬಗೆಯ ಕೈ, ಒಂದೇ ಬಗೆಯ ಹಟ. ಒಬ್ಬರು ಕಟ್ಟಿದ್ದಕ್ಕೆ ನಂಬರ್ ಪ್ಲೇಟ್ ಬೇಕಿರಲಿಲ್ಲ, ಹೊಲವೇ ಅದರ ಪರೀಕ್ಷಾ ಕೇಂದ್ರವಾಗಿತ್ತು. ರೈತ ಬಳಸಿ ನೋಡಿ, ಸರಿಯಿಲ್ಲ ಅಂದ, ಅವರು ತಿದ್ದಿದರು. ಇನ್ನೊಬ್ಬರ ಗಾಡಿಯನ್ನು ತಿದ್ದಲು ಅಂಥ ಬಳಕೆದಾರರೇ ಸಿಗಲಿಲ್ಲ.

ಕಾಯ್ದೆ ಕಟ್ಟುನಿಟ್ಟಾಗಿರುವುದು ತಪ್ಪೆಂದು ನಾನು ಹೇಳಲಾರೆ. ಬ್ರೇಕಿನ ಲೆಕ್ಕ ಮಾಡಿದವನು ಹಾಗೆ ಹೇಳುವುದು ಸಾಧ್ಯವಿಲ್ಲ. ರಸ್ತೆಯಲ್ಲಿ ಶಾಲೆಯ ಮಕ್ಕಳೂ ನಡೆಯುತ್ತಾರೆ. ಆದರೆ ಪರೀಕ್ಷೆ ಕಠಿಣವಿರುವುದು ಬೇರೆ, ಪರೀಕ್ಷೆಗೆ ಕೂರಲು ಬಾಗಿಲೇ ಇಲ್ಲದಿರುವುದು ಬೇರೆ. ಇಂಗ್ಲೆಂಡಿನಲ್ಲಿ 1957ರಿಂದ ‘ಲೋಟಸ್ ಸೆವೆನ್’ ಎಂಬ ಪುಟ್ಟ ಕಾರನ್ನು ಬಿಡಿ ಭಾಗಗಳಾಗಿ ಮಾರುತ್ತಿದ್ದರು. ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳುತ್ತಿದ್ದರು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಶಿಕ್ಷಕರು 250 ಪೌಂಡಿನಲ್ಲಿ ಕ್ರೀಡಾ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದ ಮೇಲೆ ಎಷ್ಟೋ ಜನ ಗ್ಯಾರೇಜಿನಲ್ಲಿ ಚೌಕ ಪೈಪು ಬೆಸೆಯತೊಡಗಿದರು. ಅಲ್ಲಿನ ಸರ್ಕಾರ ಅವರನ್ನು ತಡೆಯಲಿಲ್ಲ. 1998ರಲ್ಲಿ ಒಂಟಿ ವಾಹನಗಳಿಗೆಂದೇ ಪರೀಕ್ಷೆ ತಂದಿತು, 2009ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಬ್ರೇಕು, ಸ್ಟೇರಿಂಗು, ದೀಪ, ಸೀಟ್ ಬೆಲ್ಟಿನ ಹಿಡಿಕೆ, ಹೊಗೆ, ಸದ್ದು, ಮೈಗೆ ತಾಗುವ ಚೂಪು ಅಂಚು ಎಲ್ಲವನ್ನೂ ಇನ್‌ಸ್ಪೆಕ್ಟರ್ ನೋಡುತ್ತಾರೆ. ಫೇಲಾದರೆ ಪಟ್ಟಿ ಕೊಡುತ್ತಾರೆ, ತಿದ್ದಿಕೊಂಡು ಮತ್ತೆ ಹೋಗಬೇಕು.

ನಮ್ಮಲ್ಲೂ ಇದರ ಬೀಜವಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಗಾಡಿಗಳನ್ನು ಓಡಿಸುವ ಬಾಹಾ ಸ್ಪರ್ಧೆ 2007ರಿಂದ ನಡೆಯುತ್ತಿದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ‘ಅಶ್ವ ರೇಸಿಂಗ್’ ತಂಡ ಅದಕ್ಕೂ ಮೊದಲೇ, 2003ರಲ್ಲೇ, ಹುಟ್ಟಿತು. ಇಂಥ ಸ್ಪರ್ಧೆಗಳಲ್ಲಿ ಓಟಕ್ಕೆ ಬಿಡುವ ಮುನ್ನ ಗಾಡಿಯನ್ನು ಇಂಚಿಂಚೂ ತಪಾಸಣೆ ಮಾಡುತ್ತಾರೆ. ಒಮ್ಮೆ ಓಡಿಸಿ ಬ್ರೇಕ್ ಒತ್ತಿದಾಗ ನಾಲ್ಕೂ ಗಾಲಿ ಕಚ್ಚಿ ನಿಲ್ಲಬೇಕು, ಇಲ್ಲದಿದ್ದರೆ ಓಟವಿಲ್ಲ. ಕಾಕಾ ಕೊಟ್ಟಿಗೆಯಲ್ಲಿ ಹೇಳಿದ್ದೂ ಅದನ್ನೇ. ಕಾಲೇಜಿನ ಹುಡುಗರಿಗೆ ಇರುವ ಈ ತಪಾಸಣೆ ಐಟಿಐ ಮುಗಿಸಿದ ಲಕ್ಷ್ಮೇಶ್ವರದ ವೆಲ್ಡರಿಗೂ ಸಿಗಬೇಕು. ಪ್ರತಿ ವಿಭಾಗಕ್ಕೆ ಒಂದು ಕೇಂದ್ರ, ವರ್ಷಕ್ಕೆ ಒಂದೆರಡು ಸಲ ಪರೀಕ್ಷೆ, ಪಾಸಾದ ಗಾಡಿಗೆ ವೇಗದ ಮಿತಿಯೊಂದಿಗೆ ಬೇರೆ ಬಣ್ಣದ ನಂಬರು. ಇದು ದೊಡ್ಡ ಬೇಡಿಕೆಯೆಂದು ನನಗನ್ನಿಸುವುದಿಲ್ಲ. ಅಲ್ಲಿಯವರೆಗೆ ನಮಗಿರುವ ನೇರ ದಾರಿ, ಕಾಗದವಿರುವ ಹಳೆಯ ಗಾಡಿಯನ್ನು ಅದರ ಮೂಲ ರೂಪಕ್ಕೇ ತರುವುದು. ಹದಿನೈದು ವರ್ಷ ದಾಟಿದ ಕಾರು, ಜೀಪಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಂದು 600ರಿಂದ 5,000 ರೂಪಾಯಿಗೆ ಏರಿತು. ಆಮೇಲೆ ಇಪ್ಪತ್ತು ವರ್ಷ ದಾಟಿದವಕ್ಕೆ ಇನ್ನೂ ಏರಿದೆ. ಆದರೂ ಆ ದಾರಿ ತೆರೆದಿದೆ.

ಮೊನ್ನೆ ಮಾನವಮಿಗೆ ಪಾನಾ, ಸುತ್ತಿಗೆ, ಜಾಕುಗಳನ್ನೆಲ್ಲ ತೊಳೆದು ಬಾನೆಟ್ ಮೇಲಿಟ್ಟು ಖಂಡೆಪೂಜೆ ಮಾಡಿದೆವು. ಬಣ್ಣ ಇನ್ನೂ ಹಚ್ಚಿಲ್ಲ, ಕೆಂಪು ಪ್ರೈಮರಿನಲ್ಲೇ ಇದೆ. ಮರುದಿನ ಬೆಳಿಗ್ಗೆ ಗೋವಿನಜೋಳ ಕೊಯ್ದು ಬಯಲಾಗಿದ್ದ ನಮ್ಮದೇ ಹೊಲದ ಗಟ್ಟಿ ದಾರಿಯಲ್ಲಿ, ಎರಡೂ ಕಡೆ ಜನರನ್ನು ದೂರ ನಿಲ್ಲಿಸಿ, ನಿಧಾನಕ್ಕೆ ಓಡಿಸಿ ಬ್ರೇಕ್ ಒತ್ತಿದೆ. ಜೀಪು ಮೂಗು ಬಗ್ಗಿಸಿ ನಿಂತಿತು. ಹುಡುಗರು ಚಪ್ಪಾಳೆ ತಟ್ಟುವಷ್ಟರಲ್ಲಿ ಕಾಕಾ ಟೇಪು ಹಿಡಿದು ಮಣ್ಣಿನ ಮೇಲೆ ಬಿದ್ದ ಗಾಲಿಯ ಗುರುತು ಅಳೆಯುತ್ತಿದ್ದರು. ಎಡಗಡೆಯದು ಬಲಗಡೆಯದಕ್ಕಿಂತ ಒಂದು ಗೇಣು ಉದ್ದ ಇತ್ತು. ಅಂದರೆ ಬಲಗಡೆಯ ಗಾಲಿ ತಡವಾಗಿ ಕಚ್ಚಿದೆ.

ಜೀಪನ್ನು ಕೊಟ್ಟಿಗೆಗೆ ತಂದು, ಜಾಕ್ ಹಾಕಿ, ಕೆಳಗೊಂದು ಗಾಲಿ ಉರುಳಿಸಿಟ್ಟು, ಬಲಗಡೆಯ ಡ್ರಮ್ ಬಿಚ್ಚಿದೆವು.